ಒಂದು ಎಚ್ ಜಾಸ್ತಿಯಾದ ದಿನ

2009ರಿಂದ ನಾನು ಶಿವಮೊಗ್ಗದ ಒಂದು ಡಿಟಿಪಿ ಅಂಗಡಿಯಲ್ಲಿ ಟೈಪಿಂಗ್ ಕೆಲಸ ಮಾಡುತ್ತಿದ್ದೇನೆ. ಲಗ್ನಪತ್ರಿಕೆ, ಬಿಲ್ ಬುಕ್, ಫ್ಲೆಕ್ಸ್, ಆನ್‌ಲೈನ್ ಅರ್ಜಿ ಎಲ್ಲಾ ನಮ್ಮಲ್ಲಿ ಆಗುತ್ತದೆ. ನನ್ನ ಕೈ ಬೇಗ ಓಡುತ್ತದೆ. ಮೊದಲೆಲ್ಲ ಗಿರಾಕಿ ಹೆಸರು ಹೇಳುವಷ್ಟರಲ್ಲಿ ಇಂಗ್ಲಿಷಿನಲ್ಲಿ ಹೊಡೆದು ಮುಗಿಸಿರುತ್ತಿದ್ದೆ. ಸ್ಪೆಲ್ಲಿಂಗ್ ಕೇಳುತ್ತಲೇ ಇರಲಿಲ್ಲ.

ಒಂದು ಸಲ ತೀರ್ಥಹಳ್ಳಿ ಕಡೆಯ ಹುಡುಗಿಯೊಬ್ಬಳು ಅಪ್ಪನ ಜೊತೆ ಸ್ಕಾಲರ್‌ಶಿಪ್ ಅರ್ಜಿ ಹಾಕಿಸಲು ಬಂದಳು. ಅವಳ ಹೆಸರಿನ ಕೊನೆಗೆ ‘ತಾ’ ಬರುತ್ತದೆ. ನಾನು ಟಿ, ಎಚ್, ಎ ಹೊಡೆದೆ. ಮಾರ್ಕ್ಸ್ ಕಾರ್ಡಿನಲ್ಲಿ ಎಚ್ ಇರಲಿಲ್ಲ. ಕಾರ್ಡು ನನ್ನ ಕಣ್ಣೆದುರೇ ಇತ್ತು, ಅದರಲ್ಲಿ ನಾನು ನೋಡಿದ್ದು ರಿಜಿಸ್ಟರ್ ನಂಬರ್ ಮಾತ್ರ. ಹೆಸರು ತಾಳೆಯಾಗುತ್ತಿಲ್ಲ ಅಂತ ಅರ್ಜಿ ವಾಪಸ್ ಬಂತು. ಅಡಿಕೆ ಕೊಯ್ಲಿನ ಸಮಯ. ಆ ಅಪ್ಪ ಒಂದು ದಿನದ ಕೂಲಿ ಬಿಟ್ಟು, ಸುಮಾರು 60 ಕಿಲೋಮೀಟರ್ ಬಸ್ಸಿನಲ್ಲಿ ಮತ್ತೆ ಬಂದರು. “ಹೆಸರು ನಾವೇ ಸರಿಯಾಗಿ ಹೇಳ್ಲಿಲ್ವಾ ಸಾರ್?” ಅಂತ ಕೇಳಿದರು. ಅವರು ಸರಿಯಾಗಿಯೇ ಹೇಳಿದ್ದರು. ಆ ಮಾತು ಈಗಲೂ ನನ್ನನ್ನು ಚುಚ್ಚುತ್ತದೆ.

ಆಮೇಲೆ ಗೊತ್ತಾಯಿತು, ಅವರು ಮೊದಲು ಪುಣೆಯಲ್ಲಿ ಹೋಟೆಲ್ ಕೆಲಸದಲ್ಲಿದ್ದರಂತೆ. ಮಗಳು ಒಂದನೇ ಕ್ಲಾಸಿಗೆ ಸೇರಿದ್ದು ಅಲ್ಲಿ. ಎಚ್ ಬಿಟ್ಟುಹೋದದ್ದು ಅದಕ್ಕೇ.

ನಮ್ಮ ‘ತ’ ಹೇಳುವಾಗ ನಾಲಿಗೆ ಹಲ್ಲಿಗೆ ತಾಗುತ್ತದೆ. ‘ಟ’ ಹೇಳುವಾಗ ಮೇಲಕ್ಕೆ ಮಡಚಿಕೊಳ್ಳುತ್ತದೆ. ಇಂಗ್ಲಿಷಿನ ಟಿ ಇವೆರಡರ ನಡುವಿನದು, ಹಲ್ಲಿನ ಹಿಂದಿನ ವಸಡಿನ ಹತ್ತಿರ ಹುಟ್ಟುತ್ತದೆ. ನಮ್ಮ ಕಿವಿಗೆ ಅದು ‘ಟ’ ಅಂತಲೇ ಕೇಳಿಸುತ್ತದೆ. ಟಿಕೆಟ್, ಟೇಬಲ್ ಅನ್ನುತ್ತೇವಲ್ವಾ? ಟಿ ಅಕ್ಷರ ‘ಟ’ಗೆ ಹೋಯಿತು ಅಂದಮೇಲೆ ‘ತ’ಗೆ ಬೇರೆ ಏನಾದರೂ ಬೇಕು. ದಕ್ಷಿಣದವರು ಟಿ-ಎಚ್ ಇಟ್ಟುಕೊಂಡೆವು. ಹಿಂದಿ, ಮರಾಠಿಯವರು ಸಾಮಾನ್ಯವಾಗಿ ‘ತ’ಗೂ ‘ಟ’ಗೂ ಟಿ ಒಂದನ್ನೇ ಬಳಸುತ್ತಾರೆ. ಎಚ್ ಅವರಿಗೆ ಮಹಾಪ್ರಾಣದ ಗುರುತು. ಹಾಗಾಗಿ ಗೀತಾ, ಸವಿತಾ, ಲತಾ ಎಲ್ಲಕ್ಕೂ ಎರಡೆರಡು ಸ್ಪೆಲ್ಲಿಂಗ್, ಎರಡೂ ಸರಿ. ನಮ್ಮ ಪದ್ಧತಿಯಲ್ಲೂ ಒಂದು ಕೊರತೆ ಇದೆ. ತೀರ್ಥಹಳ್ಳಿಯಲ್ಲಿ ಮೊದಲನೆಯದು ‘ತ’, ಆಮೇಲಿನದು ‘ಥ’. ಬೋರ್ಡಿನಲ್ಲಿ ಎರಡಕ್ಕೂ ಟಿ-ಎಚ್ ಬರೆದರೆ ವ್ಯತ್ಯಾಸ ಹೋಗಿಬಿಡುತ್ತದೆ.

ಇಂಗ್ಲಿಷಿನವರ ಟಿ-ಎಚ್ ಹಿಂದೆ ನಮ್ಮ ಪ್ರಿಂಟಿಂಗ್ ಕಸುಬಿನದೇ ಒಂದು ಕತೆ ಇದೆ. ಅವರಲ್ಲಿ ಹಿಂದೆ ಆ ಉಚ್ಚಾರಕ್ಕೆ ‘ಥಾರ್ನ್’ ಅನ್ನುವ ಒಂಟಿ ಅಕ್ಷರವೇ ಇತ್ತು. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಲಂಡನ್ ಪಕ್ಕದ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಇಂಗ್ಲೆಂಡಿನ ಮೊದಲ ಅಚ್ಚುಕೂಟ ಹಾಕಿದ. ಸಮುದ್ರದಾಚೆಯಿಂದ ಬಂದ ಅಚ್ಚುಮೊಳೆಗಳಲ್ಲಿ ಥಾರ್ನ್ ಇರಲಿಲ್ಲ. ಮುದ್ರಕರು ಕೆಲವು ಕಡೆ ನೋಡಲು ಹಾಗೇ ಕಾಣುವ ವೈ ಹಾಕಿದರು. ಉಳಿದ ಕಡೆ ಟಿ-ಎಚ್ ನಿಂತಿತು. ಫಾಂಟಿನಲ್ಲಿ ಒಂದು ಒತ್ತಕ್ಷರ ಸರಿಯಾಗಿ ಮೂಡದಿದ್ದಾಗ ನಾವು ಪಡುವ ಪಾಡನ್ನೇ ಅವರೂ ಪಟ್ಟಿದ್ದಾರೆ ಅಂತ ನನಗೆ ಅನಿಸುತ್ತದೆ.

ಒತ್ತಕ್ಷರ ಅಂದಾಗ ಫ್ಲೆಕ್ಸ್ ನೆನಪಾಗುತ್ತದೆ. ಹೋಟೆಲಿನವರು ‘ಡೈನಿಂಗ್ ಹಾಲ್’ ಅಂತ ಬರೆದುಕೊಟ್ಟ ಚೀಟಿಯಲ್ಲಿ ಎಷ್ಟೋ ಸಲ ಎರಡು ಎನ್ ಇರುತ್ತದೆ. ಮೊದಲು ನಾನೂ ಹಾಗೇ ಹೊಡೆಯುತ್ತಿದ್ದೆ. ಇಂಗ್ಲಿಷಿನಲ್ಲಿ ಜೋಡಿ ವ್ಯಂಜನ ಬಂದರೆ ಸಾಮಾನ್ಯವಾಗಿ ಅದನ್ನು ಒತ್ತಿ ಹೇಳುವುದಿಲ್ಲ. ಹಿಂದಿನ ಸ್ವರ ಗಿಡ್ಡ ಅಂತ ಅದು ತಿಳಿಸುತ್ತದೆ. ಡಿನ್ನರ್‌ಗೆ ಎರಡು ಎನ್, ಡೈನಿಂಗ್‌ಗೆ ಒಂದೇ. ಎರಡು ಹಾಕಿದರೆ ಅದು ‘ಡಿನಿಂಗ್’ ಆಗುತ್ತದೆ. ನಮ್ಮಲ್ಲಿ ಒತ್ತು ಇದ್ದರೆ ನಾಲಿಗೆ ನಿಜವಾಗಿ ಅಲ್ಲಿ ತಡೆದು ನಿಲ್ಲುತ್ತದೆ. ಇಲ್ಲದಿದ್ದರೆ ಕತ್ತೆ ಕತೆಯಾಗುತ್ತದೆ. ಇಟಾಲಿಯನ್ನರೂ ಇದರಲ್ಲಿ ನಮ್ಮ ಹಾಗೇ. ‘ನೊನೊ’ ಅಂದರೆ ಒಂಬತ್ತನೆಯದು, ‘ನೊನ್ನೊ’ ಅಂದರೆ ಅಜ್ಜ.

ನಮ್ಮ ಊರಿನ ಹೆಸರಿನಲ್ಲೂ ಇದೇ ಆಗಿತ್ತು. ಹಳೆಯ ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ ‘ವ’ ಇಲ್ಲ, ‘ಗ’ದ ಒತ್ತೂ ಇಲ್ಲ. 2014ರ ನವೆಂಬರ್ 1ರಂದು ಅಧಿಕೃತವಾಗಿ ಬದಲಾದಾಗ ಎರಡು ಜಿ ಬಂತು. ಆಮೇಲೆ ಎಷ್ಟೋ ಅಂಗಡಿಗಳ ಲೆಟರ್‌ಹೆಡ್, ರಬ್ಬರ್ ಸ್ಟಾಂಪು ನಮ್ಮಲ್ಲಿ ಹೊಸದಾಗಿ ಆದವು. ಕನ್ನಡ ಟೈಪ್ ಮಾಡುವ ‘ನುಡಿ’ ಸಾಫ್ಟ್‌ವೇರಿನಲ್ಲಿ ಒತ್ತು ಬರಬೇಕಾದರೆ ನಡುವೆ ಎಫ್ ಕೀ ಒತ್ತಬೇಕು. ಜಿ, ಎಫ್, ಜಿ. ಕನ್ನಡದಲ್ಲಿ ನಾನು ದಿನಾ ಹೊಡೆಯುತ್ತಿದ್ದ ಆ ಒತ್ತು ಇಂಗ್ಲಿಷಿನಲ್ಲೂ ಕಂಡಾಗ ತುಂಬಾ ಖುಷಿಯಾಯಿತು.

ಇನ್ನು ಬಿಲ್ ಬುಕ್ಕಿನ ‘ರಿಸೀಟ್’. ಅದರಲ್ಲಿ ಯಾರೂ ಹೇಳದ ಪಿ ಒಂದಿದೆ. ಇಂಗ್ಲಿಷಿಗೆ ಫ್ರೆಂಚ್ ಕಡೆಯಿಂದ ಬಂದಾಗ ಆ ಪಿ ಇರಲಿಲ್ಲ, ಲ್ಯಾಟಿನ್ ಮೂಲ ಕಾಣಲಿ ಅಂತ ಓದಿದವರು ಆಮೇಲೆ ಸೇರಿಸಿದ್ದು. ಸಾಲ ಅನ್ನುವ ‘ಡೆಟ್’ ಪದದ ಬಿ ಕೂಡ ಹಾಗೇ ಸೇರಿದ್ದು. ಕಿವಿಯಿಂದ ಕಲಿಯಲು ಆಗದ ಅಕ್ಷರಗಳಿವು. ಹೊಸದಾಗಿ ಕೆಲಸಕ್ಕೆ ಬಂದ ಹುಡುಗರು ಇದನ್ನು ತಪ್ಪಿದರೆ ನಾನು ರೇಗುವುದಿಲ್ಲ, ಕಾರಣ ಹೇಳುತ್ತೇನೆ. ಕಾರಣ ಗೊತ್ತಾದರೆ ಸಾಮಾನ್ಯವಾಗಿ ಮತ್ತೆ ಮರೆಯುವುದಿಲ್ಲ.

ಈಗ ನನ್ನ ಮೇಜಿನ ಮೇಲೆ ಒಂದು ಚೀಟಿ ಕಟ್ಟು ಇರುತ್ತದೆ. ಅರ್ಜಿಗೆ ಬಂದವರು ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದುಕೊಡಬೇಕು. ಇಂಗ್ಲಿಷನ್ನು ಮಾರ್ಕ್ಸ್ ಕಾರ್ಡ್, ಆಧಾರ್ ಎರಡರ ಜೊತೆ ಒಂದೊಂದೇ ಅಕ್ಷರ ಇಟ್ಟು ನೋಡುತ್ತೇನೆ. ಅವೆರಡೇ ಒಂದಕ್ಕೊಂದು ತಾಳೆಯಾಗದಿದ್ದರೆ ಮೊದಲು ಅದನ್ನು ಸರಿಮಾಡಿಸಿಕೊಳ್ಳಿ ಅನ್ನುತ್ತೇನೆ. ಸರದಿಯಲ್ಲಿ ನಿಂತವರು ಗೊಣಗುತ್ತಾರೆ, ಗೊಣಗಲಿ.

ಲಗ್ನಪತ್ರಿಕೆಯದು ಇದರ ತಿರುವುಮುರುವು. ಮ್ಯಾಟರ್ ವಾಟ್ಸಾಪಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರುತ್ತದೆ, ನಾವು ಕನ್ನಡ ಮಾಡಬೇಕು. ಹೋದ ವಾರ ಹೊಸನಗರದಿಂದ ಒಂದು ಬಂತು. ಮನೆ ಹೆಸರು ಬಿ, ಎ, ಎಲ್, ಇ ಅಂತ ಶುರು. ಬಲೆ, ಬಳೆ, ಬಾಲೆ, ಬಾಳೆ, ನಾಲ್ಕೂ ಆಗಬಹುದು. ಇಂಗ್ಲಿಷಿನಲ್ಲಿ ‘ಳ’ಕ್ಕೆ ಬೇರೆ ಅಕ್ಷರವೇ ಇಲ್ಲವಲ್ಲ. “ದಯವಿಟ್ಟು ಮನೆ ಹೆಸರು ವಾಯ್ಸ್ ಕಳಿಸಿ” ಅಂದೆ. ಹುಡುಗನ ಅಜ್ಜಿ ಹೇಳಿ ಕಳಿಸಿದರು. “ಬಾಳೆ ಕಣಪ್ಪ, ಬಾಳೆಹಣ್ಣಿನ ಬಾಳೆ.” ‘ಳ’ ಅಷ್ಟು ಸ್ಪಷ್ಟವಾಗಿತ್ತು. ಹಾಗೇ ಹೊಡೆದೆ.