ಸನ್ನತಿ ಅವ್ವನ ಕಾಲ ಕೆಳಗಿನ ಕಲ್ಲು

ನಮ್ಮ ಮನೆದೇವರು ಸನ್ನತಿಯ ಚಂದ್ರಲಾಂಬೆ. ಊರು ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನಲ್ಲಿ, ಭೀಮಾ ನದಿಯ ದಂಡೆಯ ಮೇಲಿದೆ. ಮದುವೆ ಆಗಲಿ, ಮಗು ಹುಟ್ಟಲಿ, ಹೊಸ ಮನೆಗೆ ಹೋಗಲಿ, ಅವ್ವನಿಗೆ ಉಡಿ ತುಂಬಿದ ಮೇಲೇ ಮುಂದಿನ ಮಾತು. ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಬೇರು, ಎಲೆ ಅಡಿಕೆ. ಇಷ್ಟು ಕಟ್ಟಿಕೊಂಡು ಹೊರಡುವುದು. ನವರಾತ್ರಿಯಲ್ಲಿ ಹೋದರೆ ಗುಡಿಯ ಅಂಗಳದಲ್ಲಿ ಕನ್ನಡ, ಮರಾಠಿ, ತೆಲುಗು ಮೂರೂ ಕೇಳಿಸುತ್ತವೆ. ಮೂರೂ ಭಾಷೆಯ ಎಷ್ಟೋ ಮನೆಗಳಿಗೆ ಅವಳೇ ಕುಲದೇವಿ.

ಅವಳು ಇಲ್ಲಿಯವಳಲ್ಲ, ನಡೆದು ಬಂದವಳು. ಹಿರಿಯರು ಹೇಳುವ ಕಥೆ ಹೀಗಿದೆ. ಸೇತುರಾಜ ಎಂಬ ದೊರೆ ಒಬ್ಬ ಋಷಿಯ ಹೆಂಡತಿ ಚಂದ್ರವದನೆಯನ್ನು ಹೊತ್ತೊಯ್ದ. ಋಷಿ ದೂರದ ಹಿಂಗುಲಾ ಕ್ಷೇತ್ರಕ್ಕೆ ಹೋಗಿ ದೇವಿಯ ಕಾಲಿಗೆ ಬಿದ್ದ. ಇಂದಿನ ಬಲೂಚಿಸ್ತಾನದಲ್ಲಿದೆ ಆ ಹಿಂಗುಲಾ. 'ಬರುತ್ತೇನೆ, ಆದರೆ ನೀನು ತಿರುಗಿ ನೋಡಬಾರದು' ಎಂದಳು ದೇವಿ. ಗೆಜ್ಜೆಯ ಸದ್ದು ಕೇಳುತ್ತಾ ಋಷಿ ಮುಂದೆ ಮುಂದೆ ನಡೆದ. ಕಾಗಿಣಾ ನದಿ ಭೀಮೆಯನ್ನು ಸೇರುವ ಹೊನಗುಂಟದ ಹತ್ತಿರ ಮರಳಲ್ಲಿ ಕಾಲು ಹೂತು ಗೆಜ್ಜೆ ಸದ್ದು ನಿಂತಿತು. ಋಷಿ ತಡೆಯಲಾರದೆ ತಿರುಗಿ ನೋಡಿಬಿಟ್ಟ. ದೇವಿ ಅಲ್ಲೇ ನಿಂತಳು. ಆದರೂ ಅವನನ್ನು ಕೈಬಿಡಲಿಲ್ಲ. ಅವಳು ಕೊಟ್ಟ ದುಂಬಿಗಳು ಸನ್ನತಿಯವರೆಗೆ ಬಂದು ಸೇತುರಾಜನನ್ನು ಅಟ್ಟಿಸಿಕೊಂಡು ಹೋದವು. ಅನ್ಯಾಯ ಮಾಡಿದ ದೊರೆಗೆ ಭೀಮೆಯ ನೀರಲ್ಲೂ ಜಾಗ ಸಿಗಲಿಲ್ಲ.

ಸಣ್ಣವರಿದ್ದಾಗ ನಮಗೆ ದುಂಬಿಗಳದ್ದೇ ಸಂಭ್ರಮ. ಈಗ ನನ್ನ ಮನಸ್ಸು ನಿಲ್ಲುವುದು ಬೇರೆ ಕಡೆ. ಒಬ್ಬ ಹೆಣ್ಣುಮಗಳ ಸಲುವಾಗಿ, ರಾಜನ ದಬ್ಬಾಳಿಕೆ ವಿರುದ್ಧ, ದೇವಿ ಅಷ್ಟು ದೂರ ನಡೆದು ಬಂದಳಲ್ಲ! ಆಳುವವನಿಗೂ ಒಂದು ಕಟ್ಟು ಇದೆ ಅಂತ ತೋರಿಸಲು ಬಂದ ತಾಯಿ ಅವಳು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಚಂದ್ರಲಾಂಬೆಯ ಗುಡಿಯ ಆವರಣದಲ್ಲೇ ಕಾಳಿಯ ಗುಡಿಯೂ ಇತ್ತು. ಹಳೆಯ ಕಟ್ಟಡ. 1986ರಲ್ಲಿ ಅದರ ಮಾಳಿಗೆ ಕುಸಿದು ಬಿತ್ತು. ಮೂರ್ತಿಯನ್ನು ಸರಿಸಿ ನೋಡಿದರೆ ಅದು ನಿಂತಿದ್ದ ಪೀಠದ ಕಲ್ಲಿನ ಮೇಲೆ ಅಕ್ಷರ. ಮೇಲೂ ಅಕ್ಷರ, ಕೆಳಗೂ ಅಕ್ಷರ. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಓದಿದಾಗ ಅದು ಕ್ರಿಸ್ತಪೂರ್ವ 3ನೇ ಶತಮಾನದ ಅಶೋಕ ಚಕ್ರವರ್ತಿಯ ಶಾಸನ ಎಂದು ಗೊತ್ತಾಯಿತು.

ನಮ್ಮ ಅತ್ತೆ ಅದಕ್ಕೂ ಮೊದಲೇ, ಮದುವೆಯಾದ ಹೊಸತರಿಂದ, ಆ ಕಾಳಿಗೆ ಅರಿಶಿನ ಕುಂಕುಮ ಏರಿಸಿ ಬಂದವರು. ಅಂದರೆ ಅಶೋಕನ ಮಾತಿನ ಮೇಲೇ ಕುಂಕುಮ ಹಾಕಿ ಕೈಮುಗಿದವರು. ಅವರಿಗೂ ಗೊತ್ತಿರಲಿಲ್ಲ, ಪೂಜಾರಿಗೂ ಗೊತ್ತಿರಲಿಲ್ಲ. ನಾನು ಈ ವಿಷಯ ಎತ್ತಿದಾಗ ಅವರು ನಕ್ಕರು. 'ಕಲ್ಲ ಓದ್ಲಾಕ ಬಂದಿದೇನ್ ನೀ, ಅವ್ವಗ ಉಡಿ ತುಂಬ್ಲಾಕ?' ಎಂದರು. ಎರಡಕ್ಕೂ ಬಂದೀನ್ರಿ ಅತ್ತಿ ಅಂದೆ.

ಕರ್ನಾಟಕಕ್ಕೆ ಅಶೋಕನ ಶಾಸನ ಹೊಸದೇನಲ್ಲ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಇವೆ. ಕೊಪ್ಪಳದಲ್ಲಿ ಗವಿಮಠ ಮತ್ತು ಪಾಲ್ಕಿಗುಂಡು ಇವೆ. 1915ರಲ್ಲಿ ಸಿಕ್ಕ ಮಸ್ಕಿಯ ಶಾಸನದಲ್ಲಂತೂ ಅಶೋಕ ಎಂಬ ಹೆಸರೇ ಇದೆ. ಆದರೆ ಅವೆಲ್ಲ ಚಿಕ್ಕ ಶಾಸನಗಳು. ಸನ್ನತಿಯದು ಬೇರೆ. ಇಲ್ಲಿ ಅವನ ದೊಡ್ಡ ಶಾಸನಗಳ ಪೈಕಿ 12 ಮತ್ತು 14ನೆಯವು ಇವೆ. ಜೊತೆಗೆ ಎರಡು 'ಪ್ರತ್ಯೇಕ ಶಾಸನ'ಗಳಿವೆ. ಈ ಪ್ರತ್ಯೇಕ ಶಾಸನಗಳು ಅಲ್ಲಿಯವರೆಗೆ ಸಿಕ್ಕಿದ್ದು ಕಳಿಂಗದಲ್ಲಿ ಮಾತ್ರ, ಇಂದಿನ ಒಡಿಶಾದ ಧೌಲಿ ಮತ್ತು ಜೌಗಡದಲ್ಲಿ. ಅಲ್ಲಿ 12ನೇ ಶಾಸನವನ್ನು ಕೆತ್ತಿಸಿಲ್ಲ. ಇಲ್ಲಿ ಎರಡೂ ಒಂದೇ ಚಪ್ಪಡಿಯ ಮೇಲಿವೆ.

ಆ 12ನೆಯದರಲ್ಲಿ ಏನಿದೆ ಗೊತ್ತಾ? ತನ್ನ ಮತವನ್ನು ಹೊಗಳಲು ಇನ್ನೊಬ್ಬರ ಮತವನ್ನು ಹಳಿಯಬೇಡ, ನಾಲಿಗೆ ಹಿಡಿತದಲ್ಲಿರಲಿ ಎನ್ನುತ್ತಾನೆ. ತನ್ನದರ ಮೇಲಿನ ಅತಿ ಪ್ರೀತಿಯಿಂದ ಪರರದನ್ನು ತೆಗಳಿದವನು ತನ್ನದಕ್ಕೇ ಕೇಡು ಮಾಡುತ್ತಾನೆ. ಒಬ್ಬರು ಇನ್ನೊಬ್ಬರ ಧರ್ಮವನ್ನು ಕೇಳಬೇಕು, ಕೂಡಿ ಇರುವುದೇ ಒಳ್ಳೆಯದು. ಬುದ್ಧನನ್ನು ನಂಬಿದ ರಾಜ ಎಲ್ಲ ಮತದವರಿಗೂ ಹೇಳಿದ ಮಾತಿದು. ಆ ಮಾತು ಶಕ್ತಿದೇವತೆಯ ಗುಡಿಯಲ್ಲಿ, ಅವಳ ಪಾದದ ಕೆಳಗೆ ಕೂತಿತ್ತು.

ಪ್ರತ್ಯೇಕ ಶಾಸನದ ಮಾತು ಇನ್ನೂ ಹತ್ತಿರದ್ದು. ಎಲ್ಲ ಮನುಷ್ಯರೂ ನನ್ನ ಮಕ್ಕಳು ಎನ್ನುತ್ತಾನೆ ಅಶೋಕ. ನನ್ನ ಸ್ವಂತ ಮಕ್ಕಳಿಗೆ ಈ ಲೋಕದಲ್ಲೂ ಪರಲೋಕದಲ್ಲೂ ಸುಖ ಬಯಸುವ ಹಾಗೆ ಎಲ್ಲರಿಗೂ ಬಯಸುತ್ತೇನೆ ಎನ್ನುತ್ತಾನೆ. ಇದು ಪ್ರಜೆಗಳಿಗೆ ಬರೆದ ಸಿಹಿಮಾತಲ್ಲ, ಅಧಿಕಾರಿಗಳಿಗೆ ಕೊಟ್ಟ ಕಟ್ಟಪ್ಪಣೆ. ಕಾರಣವಿಲ್ಲದೆ ಯಾರನ್ನೂ ಸೆರೆಗೆ ಹಾಕಬಾರದು, ಹಿಂಸೆ ಕೊಡಬಾರದು. ಹೊಟ್ಟೆಕಿಚ್ಚು, ಸಿಟ್ಟು, ಕ್ರೌರ್ಯ, ಆತುರ, ಸೋಮಾರಿತನ, ದಣಿವಿನ ನೆಪ, ಇವಿದ್ದವನಿಂದ ನ್ಯಾಯ ಆಗುವುದಿಲ್ಲ. ಈ ಪಟ್ಟಿಯನ್ನು ಇವತ್ತಿನ ಯಾವ ಕಚೇರಿಯ ಗೋಡೆಗಾದರೂ ಅಂಟಿಸಬಹುದು ಅಲ್ವಾ?

ಈಗ ಸೇತುರಾಜನ ಕಥೆಗೆ ಬನ್ನಿ. ಆಳುವವನು ದಾರಿ ತಪ್ಪಿದಾಗ ನಡೆದು ಬಂದ ತಾಯಿಯ ಕ್ಷೇತ್ರ. ಅಲ್ಲೇ, ಆಳುವವರು ದಾರಿ ತಪ್ಪಬಾರದು ಎಂದು ಕೆತ್ತಿದ ಕಲ್ಲು. ಒಂದರಲ್ಲಿ ದೇವಿ ತಾಯಿ, ಇನ್ನೊಂದರಲ್ಲಿ ರಾಜ ತಂದೆ. ನಾನು ಭಕ್ತೆ, ಇತಿಹಾಸಕಾರಳಲ್ಲ. ಒಂದರಿಂದ ಇನ್ನೊಂದು ಹುಟ್ಟಿತು ಅಂತ ಹೇಳಲಾರೆ. ಆದರೆ ಈ ನೆಲಕ್ಕೆ ಒಂದು ಹಟ ಇದೆ ಅನ್ನಿಸುತ್ತದೆ.

ಎಲ್ಲವೂ ಚಂದ ಅಂತ ಹೇಳಿ ಮುಗಿಸಲು ಆಗುವುದಿಲ್ಲ. ಮೂರ್ತಿಯನ್ನು ನಿಲ್ಲಿಸಲು ಆ ಚಪ್ಪಡಿಯ ನಡುವೆ ಚೌಕಾಕಾರವಾಗಿ ಕೊರೆದಿದ್ದಾರೆ. ಅಲ್ಲಿದ್ದ ಅಕ್ಷರಗಳು ಹೋದವು. ಕೆಲವರು ಇದನ್ನೇ ಹಿಡಿದು, ಬೌದ್ಧರ ಗುರುತು ಅಳಿಸಲು ಬೇಕಂತಲೇ ಮಾಡಿದ್ದು ಎನ್ನುತ್ತಾರೆ. ಇನ್ನು ಕೆಲವರು, ಕಾಳಿಯೇ ಶಾಸನವನ್ನು ಕಾಯ್ದಳು ಎಂದು ಸಂಭ್ರಮಪಡುತ್ತಾರೆ. ನನಗೆ ಎರಡೂ ಅವಸರದ ಮಾತು ಅನ್ನಿಸುತ್ತದೆ. ಬ್ರಾಹ್ಮಿ ಓದುವವರು ಈ ದೇಶದಲ್ಲಿ ಇಲ್ಲದೆ ಹೋಗಿ ಬಹಳ ಕಾಲ ಆಗಿತ್ತು. ಇಂಗ್ಲಿಷ್ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಓದುವವರೆಗೂ ಅದು ಬರೀ ಗೆರೆ. ಗಟ್ಟಿಯಾದ ಒಳ್ಳೆಯ ಚಪ್ಪಡಿ ಸಿಕ್ಕಿತು, ದೇವರಿಗೆ ಬಳಸಿದರು. ಕೊರೆದವನ ಕೈಯಿಂದ ಅಕ್ಷರ ಹೋದದ್ದೂ ನಿಜ. ಪೂಜೆಯ ಜಾಗ ಅಂತ ಯಾರೂ ಆ ಕಲ್ಲನ್ನು ಹೊಲದ ಬದುವಿಗೆ, ಮನೆಯ ಮೆಟ್ಟಿಲಿಗೆ ಒಯ್ಯಲಿಲ್ಲ ಎನ್ನುವುದೂ ನಿಜ. ನಮ್ಮ ಭಕ್ತಿ ಮಾಡಿದ ಹಾನಿಯನ್ನೂ ಒಪ್ಪಿಕೊಂಡೇ ನಾನು ಕೈಮುಗಿಯುತ್ತೇನೆ.

ತಮಾಷೆ ಅಂದರೆ 14ನೇ ಶಾಸನದಲ್ಲಿ ಅಶೋಕನೇ ಇದಕ್ಕೆ ಉತ್ತರ ಕೊಟ್ಟ ಹಾಗಿದೆ. ನನ್ನ ಶಾಸನಗಳಲ್ಲಿ ಕೆಲವು ಸಂಕ್ಷೇಪ, ಕೆಲವು ಮಧ್ಯಮ, ಕೆಲವು ವಿಸ್ತಾರ ಎನ್ನುತ್ತಾನೆ. ಕೆಲವು ಕಡೆ ಜಾಗದ ಕಾರಣಕ್ಕೋ ಬರೆದವನ ತಪ್ಪಿನಿಂದಲೋ ಅರ್ಧಕ್ಕೇ ನಿಂತಿರಬಹುದು. ಕೆಲವು ಮಾತನ್ನು ಮತ್ತೆ ಮತ್ತೆ ಹೇಳಿದ್ದೇನೆ, ಆ ವಿಷಯ ಅಷ್ಟು ಮಧುರ, ಜನ ಅದರಂತೆ ನಡೆಯಲಿ ಎಂದು. ಭಜನೆಗೆ ಕೂತವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ನಾಮವನ್ನು ಬೇಸರವಿಲ್ಲದೆ ಹಾಡುವುದು ಅದರ ಸಿಹಿಗಾಗಿಯೇ ತಾನೇ?

ಗುಡಿಯಿಂದ ಹೆಚ್ಚು ದೂರವಲ್ಲ, ಸುಮಾರು ಮೂರು ಕಿಲೋಮೀಟರ್, ಕನಗನಹಳ್ಳಿ. ಉಡಿ ತುಂಬಿ, ಊಟ ಮುಗಿಸಿ ಹೆಚ್ಚಿನವರು ಹಾಗೇ ವಾಪಸ್ ಹೊರಟುಬಿಡುತ್ತಾರೆ. ನನ್ನ ಕೇಳಿದರೆ ಅಲ್ಲಿಗೆ ಹೋಗದೆ ಸನ್ನತಿಯ ಯಾತ್ರೆ ಪೂರ್ತಿ ಆಗುವುದಿಲ್ಲ. 1990ರ ದಶಕದಲ್ಲಿ ಪುರಾತತ್ವ ಇಲಾಖೆ ಅಲ್ಲಿ ಅಗೆದಾಗ ಒಂದು ಭಾರಿ ಸ್ತೂಪ ಸಿಕ್ಕಿತು. ಮೈತುಂಬ ಕೆತ್ತನೆಯ ಸುಣ್ಣಕಲ್ಲಿನ ಚಪ್ಪಡಿಗಳು. ಬುದ್ಧನ ಹಿಂದಿನ ಜನ್ಮಗಳ ಜಾತಕ ಕಥೆಗಳು, ಬೋಧಿವೃಕ್ಷ, ಧರ್ಮಚಕ್ರ, ಬುದ್ಧನ ಪಾದ. ಆಮೇಲಿನ ಕಾಲದ ನಿಂತ ಬುದ್ಧನ ಮೂರ್ತಿಗಳೂ ಇವೆ. ಮೊದಲು ಬರೀ ಗುರುತು, ನಂತರ ರೂಪ. ಭಕ್ತಿ ನಡೆದ ದಾರಿ ಒಂದೇ ಜಾಗದಲ್ಲಿ ಕಾಣುತ್ತದೆ.

ಅವುಗಳಲ್ಲಿ ಒಂದು ಚಪ್ಪಡಿಯ ಮುಂದೆ ನಾನು ಜಾಸ್ತಿ ಹೊತ್ತು ನಿಂತೆ. ಒಬ್ಬ ರಾಜ, ಪಕ್ಕದಲ್ಲಿ ರಾಣಿ, ಛತ್ರಿ ಚಾಮರ ಹಿಡಿದ ಹೆಂಗಸರು. ಕಲ್ಲಿನ ಮೇಲೆ ಎರಡೇ ಪದ: 'ರಾಯ ಅಸೋಕೋ'. ಹೆಸರು ಬರೆದಿರುವ ಅಶೋಕನ ಚಿತ್ರ ಸಿಕ್ಕಿದ್ದು ಇಲ್ಲಿ. ಕೆತ್ತಿದವರು ಅವನನ್ನು ಕಂಡವರಲ್ಲ, ಅವನು ಸತ್ತು ತಲೆಮಾರುಗಳೇ ಕಳೆದಿದ್ದವು. ಮುಖ ಗೊತ್ತಿಲ್ಲದೆಯೂ ನೆನಪಲ್ಲಿ ಇಟ್ಟುಕೊಂಡರು. ನಾವು ಚಂದ್ರಲಾಂಬೆಯನ್ನು ಕಂಡವರೇ?

ಶಾತವಾಹನ ರಾಜರೂ ಹೆಸರಿನ ಸಮೇತ ಇದ್ದಾರೆ. ಶಾತಕರ್ಣಿ ಮಹಾಚೈತ್ಯಕ್ಕೆ, ಅಂದರೆ ಈ ಸ್ತೂಪಕ್ಕೇ, ಬೆಳ್ಳಿಯ ತಾವರೆಗಳನ್ನು ಅರ್ಪಿಸುತ್ತಿರುವ ಚಿತ್ರವಿದೆ, ಅದನ್ನೇ ಹೇಳುವ ಸಾಲೂ ಕೆಳಗಿದೆ. ರಾಜ ಬೆಳ್ಳಿ ಹೂ ಕೊಟ್ಟ. ಉಳಿದವರು? ಕಲ್ಲು ಕೊಟ್ಟರು. ದಾನಿಗಳ ಹೆಸರುಗಳು ಚಪ್ಪಡಿಗಳ ಮೇಲೆ ಉದ್ದಕ್ಕೂ ಇವೆ. ಭಿಕ್ಷುಗಳು, ಭಿಕ್ಷುಣಿಯರು, ವ್ಯಾಪಾರಿಗಳು, ಗೃಹಸ್ಥರು, ಹೆಣ್ಣುಮಕ್ಕಳು. ನಮ್ಮ ಗುಡಿಗಳಲ್ಲಿ ಫ್ಯಾನಿನ ರೆಕ್ಕೆಯ ಮೇಲೆ 'ಇಂಥವರ ಸೇವೆ' ಅಂತ ಬರೆಸುತ್ತೇವಲ್ಲ, ಹಾಗೇ ಅದು. ಮೊದಲು ಆ ಫ್ಯಾನುಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತಿತ್ತು. ಕನಗನಹಳ್ಳಿ ನೋಡಿದ ಮೇಲೆ ಅದು ಹೋಯಿತು. ದೇವರ ಹತ್ತಿರ ನಮ್ಮ ಹೆಸರೂ ಸ್ವಲ್ಪ ಇರಲಿ ಎಂಬ ಆಸೆ ಎರಡು ಸಾವಿರ ವರ್ಷ ಹಳೆಯದು. ಆ ಆಸೆ ಇಲ್ಲದಿದ್ದರೆ ಈ ಊರಿನ ಸಾಮಾನ್ಯ ಹೆಂಗಸರ ಬಗ್ಗೆ ನಮಗೆ ಏನೂ ತಿಳಿಯುತ್ತಿರಲಿಲ್ಲ.

ಇಷ್ಟೆಲ್ಲ ಈ ಮೂಲೆಯಲ್ಲಿ ಯಾಕೆ? ಆಗ ಇದು ಮೂಲೆ ಆಗಿರಲಿಲ್ಲ. ಸನ್ನತಿಯ ಪಕ್ಕದಲ್ಲೇ ರಣಮಂಡಲ ಎಂಬ ಜಾಗವಿದೆ, ಕೋಟೆ ಕಟ್ಟಿದ್ದ ಪಟ್ಟಣದ ಅವಶೇಷ. ಭೀಮೆ ಮುಂದೆ ಹೋಗಿ ಕೃಷ್ಣೆಯನ್ನು ಸೇರುತ್ತಾಳೆ. ಕೃಷ್ಣೆಯ ದಂಡೆ ಹಿಡಿದು ಹೋದರೆ ಬೌದ್ಧರ ದೊಡ್ಡ ಕ್ಷೇತ್ರಗಳಾಗಿದ್ದ ನಾಗಾರ್ಜುನಕೊಂಡ, ಅಮರಾವತಿ. ವಾಯವ್ಯಕ್ಕೆ ಹೋದರೆ ಶಾತವಾಹನರ ರಾಜಧಾನಿ ಪೈಠಣ. ಉತ್ತರದಿಂದ ಬಂದವರಿಗೆ ಇದು ತೆಂಕಣದ ಹೆಬ್ಬಾಗಿಲು. ಮೌರ್ಯರ ಆಜ್ಞೆ ಈ ಬಾಗಿಲಿಂದ ಬಂತು, ಬುದ್ಧನ ಮಾತು ಬಂತು, ಹಿಂಗುಲೆಯ ಗೆಜ್ಜೆ ಸದ್ದೂ ಈ ದಾರಿಯಲ್ಲೇ ಬಂತು ಅಂತ ನಾವು ನಂಬುತ್ತೇವೆ. ಬಂದವರನ್ನು ಯಾರ ಮಗ, ಯಾವ ಮತ ಅಂತ ಕೇಳಿ ಬಾಗಿಲು ಹಾಕಿಕೊಂಡಿದ್ದರೆ ಇವತ್ತು ಇಲ್ಲಿ ಗುಡಿಯೂ ಇರುತ್ತಿರಲಿಲ್ಲ, ಸ್ತೂಪವೂ ಇರುತ್ತಿರಲಿಲ್ಲ.

ಹೋಗುವವರಿಗೆ ಒಂದು ಮಾತು. ಕಲಬುರಗಿ ಕಡೆಯಿಂದ ರೈಲಿನಲ್ಲಾದರೆ ವಾಡಿ ದಾಟಿ ನಾಲವಾರದಲ್ಲಿ ಇಳಿಯಬೇಕು. ಅಲ್ಲಿಂದ ಸುಮಾರು ಇಪ್ಪತ್ತು ಕಿಲೋಮೀಟರ್ ರಸ್ತೆ. ಬೇಸಿಗೆಯಲ್ಲಿ ಕನಗನಹಳ್ಳಿಯ ಬಿಸಿಲು ತಲೆ ಸುಡುತ್ತದೆ, ನೀರು ಜೊತೆಗೇ ಇರಲಿ. ಸ್ತೂಪದ ಸುತ್ತ ಬರಬೇಕು ಅನ್ನಿಸಿದರೆ ಬಲಕ್ಕೆ ಇಟ್ಟುಕೊಂಡು ಬನ್ನಿ, ಗುಡಿಯಲ್ಲಿ ಪ್ರದಕ್ಷಿಣೆ ಹಾಕುವ ಹಾಗೇ. ಕೆತ್ತನೆ ಮುಟ್ಟಬೇಡಿ, ಕುಂಕುಮ ಹಚ್ಚಬೇಡಿ. ಭಕ್ತಿ ಇದ್ದವರೇ ಈ ತಪ್ಪು ಜಾಸ್ತಿ ಮಾಡುವುದು.

ನಾನು ಅವ್ವನಿಗೆ ಈ ಸಲ ಒಂದು ಬೇರೆ ಹರಕೆ ಹೊತ್ತಿದ್ದೇನೆ. ಪ್ರತ್ಯೇಕ ಶಾಸನದಲ್ಲಿ ಅಶೋಕ, ಇದನ್ನು ತಿಷ್ಯ ನಕ್ಷತ್ರದ ದಿನ ಓದಿ ಹೇಳಬೇಕು ಎಂದು ಅಪ್ಪಣೆ ಮಾಡಿದ್ದಾನೆ. ನಡುನಡುವೆ ಬೇರೆ ದಿನಗಳಲ್ಲೂ ಕೇಳಬೇಕು, ಒಬ್ಬನೇ ಒಬ್ಬ ಇದ್ದರೂ ಸರಿ ಎನ್ನುತ್ತಾನೆ. ತಿಷ್ಯ ಅಂದರೆ ನಮ್ಮ ಪಂಚಾಂಗದ ಪುಷ್ಯವೇ. ಪುಷ್ಯ ಬಂದ ದಿನ ದೇವರ ಮುಂದೆ ದೀಪ ಹಚ್ಚಿ, ಅವ್ವನ ನಾಮ ಹೇಳಿದ ಮೇಲೆ, ಆ 12ನೆಯದನ್ನೂ ಎಲ್ಲರೂ ನನ್ನ ಮಕ್ಕಳು ಎನ್ನುವುದನ್ನೂ ಕನ್ನಡದಲ್ಲಿ ಗಟ್ಟಿಯಾಗಿ ಓದುತ್ತೇನೆ. ಅತ್ತೆ ಜಪಮಾಲೆ ಹಿಡಿದು ಕೇಳುತ್ತಾರೆ. ಮೊದಲ ಸಲ ಮುಗಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: 'ಇಷ್ಟ್ ಛಲೋ ಮಾತ ಅಲ್ಲೇ ಇತ್ತಂದ್ರ, ಪೂಜಾರಿ ನಮಗ್ಯಾಕ ಹೇಳ್ಲಿಲ್ಲ?'