ಪೋರ್ಟ್ಸ್‌ಮತ್‌ನಲ್ಲಿ ತೋಪುಗಳ ಹಿಂದೆ

ಹಳೆಯ ತೋಪು ಕಂಡರೆ ಎಲ್ಲರೂ ಮೊದಲು ಅದರ ಬಾಯಿಯೊಳಗೆ ಇಣುಕುತ್ತಾರೆ. ನಾನು ಸೀದಾ ಹಿಂದಕ್ಕೆ ಹೋಗುತ್ತೇನೆ. ಮದ್ದು, ಗುಂಡು ಯಾವ ಕಡೆಯಿಂದ ತುಂಬುತ್ತಿದ್ದರು ಎನ್ನುವುದು ಅಲ್ಲಿ ಗೊತ್ತಾಗುತ್ತದೆ. ಹಿಂದಿನಿಂದ ತುಂಬುವ ತೋಪುಗಳ ಮುನ್ನೂರು ವರ್ಷದ ಕಥೆ ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿ ಒಂದೇ ಕಡೆ ಸಿಗುತ್ತದೆ ಎಂದು ಎರಡು ದಿನ ಇಟ್ಟುಕೊಂಡು ಹೋದೆ.

ಮೊದಲ ದಿನ ಬೆಳಿಗ್ಗೆ ಮೇರಿ ರೋಸ್. ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿಯ ಈ ಹಡಗು 1545ರ ಜುಲೈ 19ರಂದು ಮುಳುಗಿತು, 1982ರಲ್ಲಿ ಮೇಲೆ ಬಂತು. ಅದರ ಕಬ್ಬಿಣದ ತೋಪೊಂದರ ಮುಂದೆಯೇ ನನಗೆ ಅರ್ಧ ದಿನ ಕಳೆಯಿತು. ಎರಕ ಹೊಯ್ದದ್ದಲ್ಲ ಅದು. ಉದ್ದನೆಯ ಕಬ್ಬಿಣದ ಪಟ್ಟಿಗಳನ್ನು ಪೀಪಾಯಿಯ ಹಲಗೆಗಳಂತೆ ಸುತ್ತ ಜೋಡಿಸಿ, ಮೇಲೆ ಬಳೆಗಳನ್ನು ಕಾಯಿಸಿ ತೊಡಿಸಿದ್ದಾರೆ. ಗಾಡಿಚಕ್ರಕ್ಕೆ ಪಟ್ಟಾ ಹಾಕುವ ಕಮ್ಮಾರನ ಕೆಲಸವೇ. ಕೊಳವೆ ಎರಡೂ ತುದಿಯಲ್ಲಿ ತೆರೆದೇ ಇರುತ್ತದೆ. ಮದ್ದು ತುಂಬಿದ ಬೇರೊಂದು ಉರುಳೆಯನ್ನು ಹಿಂದೆ ಕೂರಿಸಿ, ಬೆಣೆ ಹೊಡೆದು ಬಿಗಿಮಾಡುತ್ತಿದ್ದರು. ಇವೆರಡನ್ನೂ ಹೊತ್ತಿರುವುದು ಎಲ್ಮ್ ಮರದ ಒಂದೇ ದಿಮ್ಮಿ.

ಸಂಗ್ರಹಿಸುವವರು ಇಲ್ಲಿ ಎಚ್ಚರವಾಗಿರಬೇಕು. ಸಣ್ಣ ತೋಪುಗಳ ಮದ್ದಿನ ಉರುಳೆಗೆ ಹಿಡಿ ಇರುತ್ತದೆ, ಬಿಡಿಯಾಗಿ ಸಿಕ್ಕರೆ ಹಿಡಿ ಇರುವ ದಪ್ಪ ಚೊಂಬಿನಂತೆ ಕಾಣುತ್ತದೆ. ಅಂಥದ್ದು ಗುಜರಿಗೆ ಹೋದರೆ ಎಂಥ ನಷ್ಟ! ಒಳಗೆ ಮದ್ದು ಉಳಿದಿರಲೂಬಹುದು. ಮೇರಿ ರೋಸ್‌ನ ತೋಪುಗಳು ಸಮುದ್ರದ ತಳದಿಂದ ಗುಂಡು ತುಂಬಿಕೊಂಡೇ ಬಂದಿದ್ದವು. ಹಾಗಾಗಿ ತಿಳಿದವರಿಗೆ ತೋರಿಸದೆ ಕೆರೆಯಲೂ ಬಾರದು, ಕಾಯಿಸಲೂ ಬಾರದು.

ಮಧ್ಯಾಹ್ನ ಅಲ್ಲೇ ಪಕ್ಕದ ವಾರಿಯರ್ ಹಡಗು, 1860ರದು. ಈಗ ಮೇಲಿರುವ ತೋಪುಗಳು ಬಹುಪಾಲು ಪ್ರತಿಕೃತಿಗಳು, ಆದರೂ ಹಿಂದಿನಿಂದ ತುಂಬುವ ಆರ್ಮ್‌ಸ್ಟ್ರಾಂಗ್ ತೋಪಿನ ಹಿಂಬದಿಯ ಏರ್ಪಾಡು ಚೆನ್ನಾಗಿ ತಿಳಿಯುತ್ತದೆ. ಟೊಳ್ಳು ತಿರುಪಿನ ಮೂಲಕ ಗುಂಡು, ಮದ್ದು ಒಳಗೆ ನೂಕಬೇಕು. ಹಿಂಬದಿ ಮುಚ್ಚಲು ಮೇಲಿನಿಂದ ಉಕ್ಕಿನ ಗಟ್ಟಿ ಇಳಿಸಬೇಕು. ಆಮೇಲೆ ತಿರುಪು ಬಿಗಿದು ಅದನ್ನು ಒತ್ತಬೇಕು. ಬಿಗಿತ ಸಾಲದಿದ್ದರೆ ಆ ಗಟ್ಟಿಯೇ ಹಾರಿಹೋಗುತ್ತಿತ್ತು. 1863ರಲ್ಲಿ ಜಪಾನಿನ ಕಾಗೋಶಿಮಾದ ಮೇಲೆ ಗುಂಡು ಹಾರಿಸುವಾಗ ಹೀಗೆಲ್ಲ ಆದ ಮೇಲೆ ಬ್ರಿಟಿಷ್ ನೌಕಾಪಡೆ ಮತ್ತೆ ಬಾಯಿಂದ ತುಂಬುವ ತೋಪಿಗೇ ಮರಳಿತು. 1879ರಲ್ಲಿ ಥಂಡರರ್ ಹಡಗಿನಲ್ಲಿ ಅಂಥದೊಂದು ತೋಪಿಗೆ ಗೊತ್ತಾಗದೆ ಎರಡು ಸಲ ಮದ್ದು ತುಂಬಿ, ಅದು ಸಿಡಿದು 11 ಜನ ಸತ್ತರು. ಹಿಂದಿನಿಂದ ತುಂಬುವುದು ಮತ್ತೆ ಬಂದದ್ದು ಅದಾದ ಮೇಲೆ.

ಮರುದಿನ ಗುಡ್ಡದ ಮೇಲಿನ ಫೋರ್ಟ್ ನೆಲ್ಸನ್, ಈಗ ತೋಪುಗಳ ಸಂಗ್ರಹಾಲಯವಾಗಿರುವ ಕೋಟೆ. ಅಲ್ಲಿ 1464ರಲ್ಲಿ ಎರಕ ಹೊಯ್ದ ತುರ್ಕಿಯ ಡಾರ್ಡನೆಲ್ಸ್ ತೋಪಿದೆ, ತೂಕ ಸುಮಾರು 17 ಟನ್. ಎರಡು ತುಂಡುಗಳು ತಿರುಪಿನಿಂದ ಸೇರಿರುವುದರಿಂದ ಹಿಂದಿನಿಂದ ತುಂಬುತ್ತಿದ್ದರೆಂದು ಮೊದಲ ನೋಟಕ್ಕೆ ಅನಿಸುತ್ತದೆ. ಆದರೆ ಸನ್ನೆಗೋಲು ಹಾಕಿ ತಿರುಗಿಸುವ ಗೂಡುಗಳನ್ನು ನೋಡಿದರೆ ಪ್ರತಿ ಹೊಡೆತಕ್ಕೂ ಅದನ್ನು ಬಿಚ್ಚುವುದು ಆಗದ ಮಾತು ಎಂದು ಮನವರಿಕೆಯಾಗುತ್ತದೆ.

ಬ್ರಿಟಿಷ್ ತೋಪುಗಳ ಮೇಲೆ ಕೆತ್ತಿದ ತೂಕವನ್ನು ಓದುವುದನ್ನೂ ಅಲ್ಲೇ ಅಭ್ಯಾಸ ಮಾಡಿಕೊಂಡೆ. 8-2-4 ಎಂದಿದ್ದರೆ 112 ಪೌಂಡಿನ ಎಂಟು, 28 ಪೌಂಡಿನ ಎರಡು, ಮೇಲೆ ನಾಲ್ಕು ಪೌಂಡು, ಒಟ್ಟು 956. ತೂಗಿದಾಗ ಲೆಕ್ಕಕ್ಕೂ ತೋಪಿಗೂ ತಾಳೆಯಾಗದಿದ್ದರೆ ಅನುಮಾನ ಪಡಲೇಬೇಕು.

ಹೊರಡುವ ಮುಂಚೆ ಗಟ್ಟಿ ತೆಗೆದಿಟ್ಟಿದ್ದ ಒಂದು ಆರ್ಮ್‌ಸ್ಟ್ರಾಂಗ್ ತೋಪಿನ ಹಿಂದೆ ಮಂಡಿಯೂರಿದೆ. ಟೊಳ್ಳು ತಿರುಪಿನೊಳಗಿಂದ ನೋಡಿದರೆ ಒತ್ತೊತ್ತಾದ ಗೀರುಗಳು ಮೆಲ್ಲಗೆ ತಿರುಚಿಕೊಂಡು ಸಾಗಿ, ಆಚೆ ತುದಿಯಲ್ಲಿ ದುಂಡನೆ ಬೆಳಕು ಕಾಣುತ್ತಿತ್ತು.