ತೋಟಕ್ಕೊಂದು ಗಾಡಿ

ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದ ನಮ್ಮ ತೋಟಕ್ಕೆ ಹಟ್ಟಿಗೊಬ್ಬರ ಇಳಿಸಲು, ಅಡಿಕೆ ಮೇಲೆ ತರಲು ಗಾಡಿ ಬೇಕಾಗಿದೆ. ಅಣ್ಣನಿಗೆ ಸಣ್ಣ ಟೆಂಪೋ ಸಾಕಂತೆ. ನನಗೆ ನಾಲ್ಕೂ ಚಕ್ರ ಎಳೆಯುವ ಫೋರ್ ವೀಲ್ ಡ್ರೈವ್ ಪಿಕಪ್ಪೇ ಆಗಬೇಕು. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ, ಜಾಸ್ತಿ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಪಾಚಿ ಹಿಡಿದ ಮುರಕಲ್ಲಿನ ಏರಿನಲ್ಲಿ ಖಾಲಿ ಗಾಡಿಯ ಹಿಂದಿನ ಚಕ್ರ ಸುಮ್ನೆ ತಿರುಗುತ್ತದೆ. ಭಾರವೆಲ್ಲ ಮುಂದೆ ಎಂಜಿನ್ ಕಡೆ ಅಲ್ವಾ? ನಾಲ್ಕೂ ಚಕ್ರ ಎಳೆದರೆ ಮೆಲ್ಲ ಹತ್ತುತ್ತದೆ. ಲೋಡ್ ತುಂಬಿ ಇಳಿಯುವಾಗ ಲೋ ಗೇರೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ, ಬ್ರೇಕ್ ಅಷ್ಟು ಬಿಸಿಯಾಗುವುದಿಲ್ಲ. ಬೆಲೆ ಜಾಸ್ತಿ, ನಿಜ. ಆದರೆ ಆ ಇಳಿಜಾರಿನಲ್ಲಿ ಸ್ಟೇರಿಂಗ್ ಹಿಡಿಯುವವನು ನನ್ನ ಅಣ್ಣ. ಶನಿವಾರ ಮಂಗಳೂರಿನಲ್ಲಿ ಒಂದು ಹಳೇ ಪಿಕಪ್ ನೋಡಲಿಕ್ಕಿದೆ. ಬಣ್ಣ ಹೇಗಾದರೂ ಇರಲಿ, ಚಾಸಿಗೆ ತುಕ್ಕು ಹಿಡಿದಿದೆಯಾ ಅಂತ ಮೊದಲು ಕೆಳಗೆ ನುಗ್ಗಿ ನೋಡುತ್ತೇನೆ.